ಬೆನ್ನು ತಿರುಗಿಸಿದ ಅಕ್ಕಾರು

ಕೆಲಸಕ್ಕೆ ಕೂರುವ ಮೊದಲು ಅಕ್ಕಾರು ಹಸಿರು ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಸದ್ದಾಗದಂತೆ ಕರವಸ್ತ್ರದಿಂದ ಬಿಗಿಯುತ್ತಿದ್ದರು. ಸಂಜೆ ಅದನ್ನು ಬಿಚ್ಚಿದಾಗ ಬಳೆಗಳು ಗಲ್ಲೆಂದು ಇಳಿದರೆ ನಮಗೆಲ್ಲ ಕಚೇರಿ ಬಿಟ್ಟಂತೆ.

ಕಲಘಟಗಿ ಕಡೆಯ ನಮ್ಮ ಸಹಕಾರಿ ಸಂಘದಲ್ಲಿ ಅವರು ಹಿರಿಯ ಗುಮಾಸ್ತೆ. ನಾನು ಡಿಗ್ರಿ ಮುಗಿಸಿ ಆಗಷ್ಟೇ ಸೇರಿದವಳು. ಇದ್ದದ್ದು ಒಂದೇ ಪ್ರಿಂಟರ್, ಅದೂ ಅಕ್ಕಾರ ಕಂಪ್ಯೂಟರಿಗೆ ಕಟ್ಟಿಹಾಕಿದ್ದು. ಆ ಕಂಪ್ಯೂಟರ್ ಕೆಟ್ಟು ಕೂತರೆ ಬಮ್ಮಿಗಟ್ಟಿಯಂಥ ಹಳ್ಳಿಗಳಿಂದ ಬಂದವರು ಸಾಲದ ಕಾಗದ ಸಿಗದೆ ಮರಳಿ ಬಸ್ಸು ಹತ್ತಬೇಕು.

ಅಕ್ಕಾರು ಒಂದು ದಿನ ಕಾರ್ಯದರ್ಶಿಯವರ ಮುಂದೆ ನಿಂತರು. "ಪ್ರಿಂಟರ್ ನನ್ನ ಸೊಸಿ ಏನ್ರಿ, ನಾ ಇದ್ದಾಗಷ್ಟ ಕೆಲಸ ಮಾಡಾಕ? ನೆಟ್‌ವರ್ಕಿಗೆ ಸೀದಾ ಜೋಡಸೂಣು. ಯಾರ ಟೇಬಲ್ಲಿಂದ ಒತ್ತಿದ್ರೂ ಕಾಗದ ಬರಬೇಕು."

ಕೇಬಲ್ ಎಳೆಯಲು ಕಬ್ಬಿಣದ ಏಣಿ ಹತ್ತಿದ್ದು ನಾನು. ಮಳೆಗೆ ಗೋಡೆ ತೊಯ್ದಿತ್ತು. ಏಣಿಯ ತುದಿ ಹಳೆಯ ಕರೆಂಟಿನ ವೈರ್‌ಗೆ ಒತ್ತಿ ಅದರ ಸಿಪ್ಪೆ ಸೀಳಿದ್ದು ಯಾರಿಗೂ ಕಾಣಲಿಲ್ಲ. ಸಾವರಿಸಿಕೊಳ್ಳಲು ಕಿಟಕಿಯ ಸರಳು ಹಿಡಿದೆ. ಅಷ್ಟೇ, ಎರಡೂ ಕೈ ನನ್ನವಾಗಿ ಉಳಿಯಲಿಲ್ಲ. ಬಿಡಲಾಗದು, ಕೂಗಲಾಗದು. ಕಚೇರಿಯ ಸಿಪಾಯಿ ಕಾಕಾ ನನ್ನ ಕಾಲು ಹಿಡಿದೆಳೆಯಲು ಓಡಿಬಂದರು. ಅಕ್ಕಾರು ಅವರ ಎದೆಗೆ ಕೈಕೊಟ್ಟು ನೂಕಿದರು.

"ಮುಟ್ಟಬ್ಯಾಡ್ರಿ!"

"ಸಾಯ್ತಾಳ್ರಿ ಹುಡುಗಿ!"

ಅಕ್ಕಾರು ನನಗೆ ಬೆನ್ನು ತಿರುಗಿಸಿ ಓಡಿದರು. ಇಂದಿಗೂ ಕಣ್ಣು ಮುಚ್ಚಿದರೆ ಕಾಣುವುದು ಆ ಬೆನ್ನೇ. ಬಿಟ್ಟು ಹೋದರು ಎಂದುಕೊಂಡೆ. ಅಷ್ಟರಲ್ಲಿ ದೀಪ, ಫ್ಯಾನು ಎಲ್ಲ ನಿಂತವು. ನಾನು ಕಾಕಾನ ಮೇಲೆ ಬಿದ್ದೆ. ಪಡಸಾಲೆಯಲ್ಲಿ ಅಕ್ಕಾರು ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಇನ್ನೂ ಬಿಡದೆ ಏದುಸಿರು ಬಿಡುತ್ತಿದ್ದರು. ಕರವಸ್ತ್ರ ಬಿಚ್ಚಿಹೋಗಿ, ಬಳೆಗಳೆಲ್ಲ ಮುಂಗೈಗೆ ಇಳಿದಿದ್ದವು.

ವೈರ್‌ಮನ್ ಬಂದು ಹಳೆಯ ವೈರೆಲ್ಲ ಬದಲಿಸಿದ ಮೇಲೆ ಅಕ್ಕಾರು ಬಿದಿರಿನ ಏಣಿ ತರಿಸಿದರು.

"ಕೇಬಲ್ಲಿನ ಕಡೀ ತುದಿ ನೀನ ಹಾಕು."

"ನನ್ನ ಕಡಿಂದ ಆಗೂದಿಲ್ರಿ ಅಕ್ಕಾರ."

"ಇವತ್ತ ಏರಲಿಲ್ಲಂದ್ರ ನಾಳೆ ಮನ್ಯಾಗ ಬಲ್ಬ್ ಹಾಕಾಕೂ ಅಂಜತಿ. ಮೇನ್ ಬಂದ್ ಮಾಡೀನಿ, ಏಣಿ ಹಿಡದೀನಿ. ಏರು!"

ಏರಿದೆ. ಕರೆಂಟು ಬಂದ ಮೇಲೆ ಅಕ್ಕಾರು ತಮ್ಮ ಕಂಪ್ಯೂಟರನ್ನು ಬೇಕೆಂದೇ ಹಚ್ಚಲಿಲ್ಲ. ನನ್ನ ಟೇಬಲ್ಲಿನಿಂದ ಒತ್ತಿದೆ, ಕಾಗದ ಹೊರಬಂತು. "ನಮ್ಮ ಹುಡುಗಿ ಜೋಡಿಸ್ಯಾಳ್ರಿ" ಎಂದು ಬಂದವರಿಗೆಲ್ಲ ಅವರು ತೋರಿಸುತ್ತಿದ್ದರು. ನಾನು ಅವರನ್ನು ತೋರಿಸುತ್ತಿದ್ದೆ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ಮೊನ್ನೆ ಇನ್ನೊಂದು ಪ್ರಿಂಟರಿಗೆ ಕೇಬಲ್ ಎಳೆಯಲು ಹುಬ್ಬಳ್ಳಿಯಿಂದ ಬಂದವರು ಏಣಿಗೆ ಕಾಲಿಟ್ಟರು.

"ನಿಲ್ರಿ! ಮೊದಲ ಮೇನ್ ಬಂದ್ ಮಾಡೂಣು" ಎಂದೆ, ಜೋರಾಗಿಯೇ.

ಸಿಪಾಯಿ ಕಾಕಾ ತಟ್ಟನೆ ತಿರುಗಿ ಅಕ್ಕಾರ ಕುರ್ಚಿಯ ಕಡೆ ನೋಡಿದರು.