ಕೋವಿಯ ಕುದುರೆಗೆ ಹದ ಹೇಳಿದ ನಗೋಯಾ ಪಂಡಿತರು

ಬಾಯಲ್ಲೇ ಕಬ್ಬಿಣ ಕಾಯಿಸುವ ಜನರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಜಪಾನಿನ ಹಮಾಮತ್ಸುವಿನ ಬಂದೂಕಿನಂಗಡಿಯಲ್ಲಿ ಕಂಡಂಥವರು ಮತ್ತೆ ಸಿಕ್ಕಿಲ್ಲ.

ಬೈಕಿನ ಗೇರುಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವುದು ಇಲ್ಲಿ ನನ್ನ ಕೆಲಸ. ನಾನು ಹೊಸದಾಗಿ ಬಂದಾಗ ತಮ್ಮ ಸೈಕಲ್ಲು ಕೊಟ್ಟು ಊರು ತೋರಿಸಿದವರು ಪೇಂಟ್ ವಿಭಾಗದ ಹಿರಿಯರೊಬ್ಬರು. ಈಗ ನಿವೃತ್ತರಾಗಿ ಕಿತ್ತಳೆ ತೋಟ ಮಾಡಿಕೊಂಡಿದ್ದಾರೆ. ತೋಟಕ್ಕೆ ಕಾಡುಹಂದಿ ಕಾಟ. ಅವರ ಬಳಿ ಲಿವರ್ ಎಳೆದು ಗುಂಡಿನ ತೋಟಾ ತುಂಬುವ ಹಳೆಯ ರೈಫಲ್ ಇದೆ. ಅಪ್ಪನದು, ಪೊಲೀಸರ ಅನುಮತಿಯಿಂದ ಇವರ ಹೆಸರಿಗೆ ಬಂದದ್ದು. ಹೋದ ವರ್ಷ ಒಂದು ದಿನ, ಎತ್ತಿ ನಿಲ್ಲಿಸಿದ್ದ ಕುದುರೆ ಟ್ರಿಗರ್ ಮುಟ್ಟದೆಯೇ ಬಿದ್ದುಬಿಟ್ಟಿತು. ತೋಟಾದ ಬೆನ್ನಿಗೆ ಬಡಿಯುವ ಭಾಗಕ್ಕೆ ಕುದುರೆ ಎನ್ನುವುದನ್ನು ನಾನು ಕಲಿತದ್ದು ಅಜ್ಜನಿಂದ. ಒಳಗೆ ತೋಟಾ ಇರಲಿಲ್ಲ, ಸದ್ಯ.

ಅವರ ಹೆಂಡತಿ ಹೇಳಿಬಿಟ್ಟರು: "ಇದು ಸರಿಯಾಗಬೇಕು, ಇಲ್ಲ ಪೊಲೀಸರಿಗೆ ಒಪ್ಪಿಸಿ ಬನ್ನಿ. ಹಂದಿ ಎಬ್ಬಿಸೋಕೆ ನಿಮ್ಮ ಮುಂದೆ ನಡೆಯೋಳು ನಾನು."

ಹಿರಿಯರೂ ನಾನೂ ಅದನ್ನು ಬಂದೂಕಿನಂಗಡಿಗೆ ಒಯ್ದೆವು. ಅಂಗಡಿಯವರು ಬಿಚ್ಚಿ ನೋಡಿದರು. ಟ್ರಿಗರಿನ ಮೊನೆ ಹಿಡಿದು ನಿಲ್ಲುವ ಕಚ್ಚೊಂದು ಕುದುರೆಯ ಬುಡದಲ್ಲಿರುತ್ತದೆ. ಟ್ರಿಗರ್ ಬೆಣ್ಣೆಯಂತಾಗಲೆಂದು ಯಾವನೋ ಪುಣ್ಯಾತ್ಮ ಅದನ್ನು ಸಾಣೆಕಲ್ಲಿಗೆ ಉಜ್ಜಿದ್ದ. ಇಂಥ ಹಳೆಯ ಕುದುರೆಗಳಿಗೆ ಹೊರಚರ್ಮ ಮಾತ್ರ ಗಟ್ಟಿ, ಒಳಗೆಲ್ಲ ಮೆದು. ಚರ್ಮ ಸುಲಿದ ಮೇಲೆ ಸವೆಯದೆ ಏನು ಮಾಡೀತು? ಬದಲಿ ಭಾಗ ಸಿಗುವುದಿಲ್ಲ. ಕಚ್ಚು ತಿದ್ದಿ, ಇದ್ದಿಲ ಪುಡಿಯಲ್ಲಿ ಹೂತಿಟ್ಟು ಗಂಟೆಗಟ್ಟಲೆ ಕಾಯಿಸಿ, ಮತ್ತೆ ಚರ್ಮ ಕಟ್ಟಿಸಬೇಕು. ಸರದಿ ಬರುವುದು ತಡ ಎಂದರು.

ನಾವು ಮತ್ತೊಮ್ಮೆ ಅಲ್ಲಿಗೆ ಹೊರಟ ದಿನ ನಗೋಯಾದಿಂದ ನಮ್ಮವರೊಬ್ಬರು ಊಟಕ್ಕೆ ಬಂದಿದ್ದರು, ಕಾರಿನ ಕಂಪನಿಗೆ ಸಾಫ್ಟ್‌ವೇರ್ ಬರೆಯುವವರು. ಬಿಸಿಬೇಳೆಬಾತು ಮುಗಿಸಿ ನಾನೂ ಬರುತ್ತೇನೆ ಎಂದರು. ನನ್ನ ಬುದ್ಧಿಗೇನಾಗಿತ್ತೋ, ಕರೆದುಕೊಂಡು ಹೋದೆ.

"ಸಾರ್, ಇದಕ್ಕೆ ಇಷ್ಟು ಡ್ರಾಮಾ ಯಾಕೆ? ಗ್ಯಾಸ್ ಟಾರ್ಚ್ ಹಿಡೀರಿ, ಕೆಂಪಗಾಗ್ಲಿ, ಎಣ್ಣೇಲಿ ಅದ್ದಿ. ಮುಗೀತು. ವೀಡಿಯೋ ನೋಡಿದೀನಿ."

ಅದನ್ನೇ ಜಪಾನಿಯಲ್ಲಿ ಅಂಗಡಿಯವರಿಗೂ ಉಪನ್ಯಾಸ ಮಾಡಿದರು. ಅಂಗಡಿಯವರು ಮಾತುಮಾತಿಗೂ ತಲೆ ಆಡಿಸಿದರು.

"ನೋಡಿದ್ರಾ, ಒಪ್ಕೊಂಡ್ರು."

"ಕೇಳಿಸ್ಕೊಂಡ್ರು ಸ್ವಾಮಿ, ಒಪ್ಕೊಂಡಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದು ಇದೂ ಗೊತ್ತಾಗ್ಲಿಲ್ವ?"

"ನೀವು ಬಿಡಿ ಸಾರ್, ಯಾವಾಗ್ಲೂ ನೆಗೆಟಿವ್."

ಇಂಥವರ ಮಾತು ಅವರ ತಲೆಯಲ್ಲೇ ಉಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹಿರಿಯರ ಮುಖ ಅರಳಿತ್ತು. "ಹಾಗೂ ಆಗುತ್ತಾ? ಕಿತ್ತಳೆ ಕೀಳೋದರೊಳಗೆ ಕೋವಿ ಕೈಗೆ ಬರ್ತಿತ್ತಲ್ಲ," ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಅವರ ಮುಂದೆ ನಡೆಯುವ ಹೆಂಡತಿ ನೆನಪಾಗಿ, ಅಂಗಡಿಯವರನ್ನೇ ಕೇಳಿ ಎಂದೆ.

ಅಂಗಡಿಯವರು ಇಲ್ಲ ಎನ್ನುವ ಜಾತಿಯಲ್ಲ. ಗುಜರಿ ಡಬ್ಬದಿಂದ ಅಂಥದ್ದೇ ಚರ್ಮ ಹೋದ, ಮುರಿದ ಕುದುರೆಯೊಂದನ್ನು ತೆಗೆದು, ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಒರೆಸಿ, ಅರದ ಜೊತೆ ನಮ್ಮ ಪಂಡಿತರ ಮುಂದಿಟ್ಟು ಬಗ್ಗಿ ವಂದಿಸಿದರು. ಪಂಡಿತರು ಉಜ್ಜಿದರು. ಬೆಲ್ಲ ಕೆರೆದ ಹಾಗೆ ಪುಡಿ ಉದುರಿತು. ಉಕ್ಕಿನೊಳಗೆ ಗಟ್ಟಿತನ ಕೊಡುವ ಇದ್ದಿಲ ಸತ್ವವೇ ಇಲ್ಲದಿದ್ದರೆ ಎಣ್ಣೆಯಲ್ಲಿ ಅದ್ದಿದರೂ ಅಷ್ಟೆ, ತಿಳಿಸಾರಿನಲ್ಲಿ ಅದ್ದಿದರೂ ಅಷ್ಟೆ.

"ಎಣ್ಣೆ ಸರಿ ಇಲ್ಲ," ಎಂದರು. ಆಮೇಲೆ, "ಅರ ಜಾಸ್ತಿ ಚೂಪು." ಆಮೇಲೆ ಫೋನು ನೋಡತೊಡಗಿದರು.

ಹಿರಿಯರು ಅಂಗಡಿಯ ಗಾಜಿನ ಮೇಜಿನ ಮೇಲೆ ಬಿದ್ದ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡಿದರು. "ನಿಮ್ಮ ರೀತಿಯಲ್ಲೇ ಆಗಲಿ," ಎಂದು ಅಂಗಡಿಯವರಿಗೆ ತಲೆಬಾಗಿದರು.

ಕೋವಿ ಸಿದ್ಧವಾಗುವಷ್ಟರಲ್ಲಿ ಹಂದಿಗಳು ಕೆಳಗಿನ ಸಾಲಿನ ಹಣ್ಣೆಲ್ಲ ಮುಗಿಸಿದ್ದವು. ಹೆಂಡತಿಯೂ ಅಂಗಡಿಗೆ ಬಂದರು. ಅಂಗಡಿಯವರು ಖಾಲಿ ಕೋವಿಯ ಕುದುರೆ ಎತ್ತಿ, ಹೆಬ್ಬೆರಳಿನಿಂದ ಬಲವಾಗಿ ನೂಕಿದರು. ರಬ್ಬರ್ ಸುತ್ತಿಗೆಯಿಂದ ಹಿಡಿಗೆ ಬಡಿದರು. ಕುದುರೆ ಅಲುಗಲಿಲ್ಲ.

"ಇನ್ನೊಂದು ಸಲ," ಎಂದರು ಆಕೆ.

ಅಲುಗಲಿಲ್ಲ.

"ಸರಿ. ನಾಳೆ ಬೇಗ ಏಳಿ," ಎಂದು ಗಂಡನಿಗೆ ಹೇಳಿ ಚೀಲ ಎತ್ತಿಕೊಂಡರು.

ಸಮಯ ಕೊಟ್ಟವರಿಗೆಲ್ಲ ಏನಾದರೂ ಕಳಿಸುವುದು ಇಲ್ಲಿನ ಮರ್ಯಾದೆ. ಉಳಿದ ಕಿತ್ತಳೆಯಲ್ಲೇ ಒಂದು ಪೆಟ್ಟಿಗೆ ನಗೋಯಾಕ್ಕೂ ಹೋಯಿತು. ಕೂಡಲೇ ಫೋನು ಬಂತು.

"ನೋಡಿದ್ರಾ ಸಾರ್? ನನ್ನ ಐಡಿಯಾ ವರ್ಕ್ ಆಯ್ತು. ಇಲ್ದಿದ್ರೆ ಹಣ್ಣು ಯಾಕೆ ಕಳಿಸ್ತಾರೆ?"

"ಸಿಪ್ಪೆ ಸುಲಿದು ತಿನ್ನಿ," ಎಂದು ಹೇಳಿ ಫೋನಿಟ್ಟೆ.