ತೂತಿಲ್ಲದ ಕಿಟಕಿ

ನಮ್ಮ ಕಟ್ಟಡಕ್ಕೆ ಅಲ್ಯುಮಿನಿಯಂ ಕಿಟಕಿ ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಎಂಬ ಒಂದೇ ಕಾರಣಕ್ಕೆ. ಎರಡು ಸಾವಿರದ ಹತ್ತರ ಆಸುಪಾಸು. ಕಾಸರಗೋಡು ಪೇಟೆಯಲ್ಲಿ ಒಂಬತ್ತು ಮಾಳಿಗೆಯ ಕಟ್ಟಡ ಏಳುತ್ತಿತ್ತು, ಏಳನೆಯ ಮಾಳಿಗೆಯಲ್ಲಿ ನಾನೂ ಒಂದು ಫ್ಲ್ಯಾಟ್ ತೆಗೆದುಕೊಂಡಿದ್ದೆ. ಕಿಟಕಿ ಯಾವುದೆಂದು ನೀವೇ ತೀರ್ಮಾನಿಸಿ, ಆದರೆ ಎಲ್ಲರಿಗೂ ಒಂದೇ ನಮೂನೆ ಇರಬೇಕು ಎಂದು ಕಟ್ಟಿಸುವವರು ಹೇಳಿಬಿಟ್ಟರು. ಕೊಂಡವರೆಲ್ಲ ಮೀಟಿಂಗು ಸೇರಿದೆವು. ಅರ್ಧ ಗಂಟೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ ಮೇಲೆ ಐದನೆಯ ಮಾಳಿಗೆಯ ಅಡಿಕೆ ವ್ಯಾಪಾರಿ, "ಟೀಚರ್ ಹೇಳಿದ್ದೇ ಫೈನಲ್, ಮತ್ತೆ ಮಾತು ಬೇಡ" ಅಂದರು. ನನ್ನಿಂದಾಗದು ಎನ್ನಬಹುದಿತ್ತು. ನಾಲ್ಕು ಜನರೆದುರು ಯಾರಾದರೂ ಹೊಗಳಿದರೆ ನನಗೆ ಬುದ್ಧಿ ನೆಟ್ಟಗಿರುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಚಿಂತೆ ಇದ್ದದ್ದು ಒಂದೇ ಒಂದು ಕಿಟಕಿಯದು, ಅದು ಅಕ್ಕನ ಕೋಣೆಯದು. ಅಕ್ಕ ಬಾಯಾರು ಎಂಬ ಹಳ್ಳಿಯಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದವಳು. ಅವಳಿಗೆ ದಮ್ಮು. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ಹಾಸಿಗೆ ತೇವವಾದರೆ ಎದೆಯಲ್ಲಿ ಸಿಳ್ಳೆ ಶುರುವಾಗುತ್ತದೆ. ಹಿಂದಿನ ಮಳೆಗಾಲದಲ್ಲಿ ಎರಡು ಸಲ ಜೀಪು ಮಾಡಿಸಿಕೊಂಡು ಆಸ್ಪತ್ರೆಗೆ ತಂದಿದ್ದೆವು, ಎರಡನೆಯ ಸಲ ಅವಳ ತುಟಿ ನೀಲಿಯಾಗಿತ್ತು. ಪೇಟೆಯಲ್ಲಾದರೆ ಆಸ್ಪತ್ರೆ ಹತ್ತು ನಿಮಿಷ. ನನ್ನ ಜೊತೆಗೇ ಇರು ಎಂದು ಅಂಗಲಾಚಿದೆ.

"ಒಂದು ಮಳೆಗಾಲ ನೋಡ್ತೇನೆ" ಅಂದಳು ಅಕ್ಕ. "ಹಾಸಿಗೆಗೆ ನೀರು ಬಂತೋ, ನಾನು ವಾಪಸು ಹೋಗುವವಳೇ. ಮತ್ತೆ ನೀನು ಕರೀಲಿಕ್ಕಿಲ್ಲ."

ಅವಳು ಆಡಿದರೆ ಆಡಿದ್ದೇ. ಹಾಗಾಗಿ ಕಿಟಕಿ ನೋಡಲು ಅವಳನ್ನೂ ಕರೆದುಕೊಂಡೇ ಹೋದೆ.

ಅಲ್ಯುಮಿನಿಯಂ ಕೆಲಸದ ಅಂಗಡಿ ನನ್ನ ಹಳೆಯ ವಿದ್ಯಾರ್ಥಿಯದು. ಮುಳ್ಳೇರಿಯದವನು. ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ. ನಾಲ್ಕು ಮಾತು ಹೇಳಲು ಎಂಟು ಸಲ ತಡವರಿಸುತ್ತಿದ್ದ. ಈಗ ತಲೆ ನಡುವೆ ಬೋಳಾಗಿತ್ತು, ಮೂವರು ಕೆಲಸದವರಿದ್ದರು. ನನ್ನನ್ನು ಕಂಡದ್ದೇ ಮಡಚಿ ಕಟ್ಟಿದ್ದ ಲುಂಗಿ ಇಳಿಬಿಟ್ಟು ಎದ್ದು ನಿಂತ. ಮೇಜಿನ ಮೇಲೆ ತುಂಡು ತುಂಡು ನಮೂನೆಗಳನ್ನು ಜೋಡಿಸಿದ. ಸರಿಯುವ ಕಿಟಕಿ, ತೆರೆಯುವ ಕಿಟಕಿ. ಸರಿಯುವುದರಲ್ಲಿ ಗಾಜು ಓಡಾಡುವ ಕಾಲುವೆಯಂಥ ಟ್ರ್ಯಾಕು ಎರಡು, ಇಲ್ಲವೆ ಮೂರು. ಮೂರನೆಯದು ಸೊಳ್ಳೆ ಬಲೆಗೆ. ಬಣ್ಣ ಸುಟ್ಟು ಹಿಡಿಸಿದ್ದು ಒಂದು, ಹಾಗೇ ಬೆಳ್ಳಗಿನದು ಇನ್ನೊಂದು. ಗಾಜು ದಪ್ಪ, ಗಾಜು ತೆಳು, ಕಪ್ಪು, ಹಸಿರು. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದೆ. ಒಂದು ಪುಟ ತುಂಬುವಷ್ಟರಲ್ಲಿ ಮೊದಲು ಬರೆದದ್ದು ಯಾವುದರ ಬಗ್ಗೆ ಎಂಬುದೇ ಮರೆತುಹೋಗಿತ್ತು. ತೆರೆಯುವ ಕಿಟಕಿಗೆ ಗಾಳಿ ಹೆಚ್ಚು, ಆದರೆ ಏಳನೆಯ ಮಾಳಿಗೆಯಲ್ಲಿ ಗಾಳಿ ಬಡಿದರೆ ಬಾಗಿಲು ಕೈಯಲ್ಲಿ ನಿಲ್ಲುವುದಿಲ್ಲವಂತೆ. ಸರಿಯುವುದು ಗಾಳಿಗೆ ಬಡಿದುಕೊಳ್ಳುವುದಿಲ್ಲ, ಆದರೆ ಅರ್ಧವೇ ತೆರೆಯುತ್ತದೆ. ಯಾವುದು ಒಳ್ಳೆಯದು ಅಂದರೆ ಎರಡೂ ಒಳ್ಳೆಯದೇ ಟೀಚರೇ ಅನ್ನುತ್ತಾನೆ. ಕ್ಲಾಸಿನಲ್ಲೂ ಹೀಗೆಯೇ ಉತ್ತರ ಕೊಡುತ್ತಿದ್ದ ಪ್ರಾಣಿ.

ಸರಿ, ಸರಿಯುವುದೇ ಇರಲಿ ಎಂದು ಹೇಗೋ ಒಂದು ತೀರ್ಮಾನಕ್ಕೆ ಬಂದೆ. ಅಷ್ಟರಲ್ಲಿ ಅಕ್ಕ ಕೆಳಗಿನ ಟ್ರ್ಯಾಕಿನ ಹೊರಮೈಯನ್ನು ಬೆರಳಲ್ಲಿ ಸವರಿ, "ಇದೆಂತ ತೂತು?" ಅಂದಳು. ನೋಡಿದರೆ ಹೌದು, ಉಗುರಿನಷ್ಟು ಉದ್ದದ ಎರಡು ಸೀಳು.

ನಾವು ಬೆಳೆದ ಮನೆಯಲ್ಲಿ, ಮೇ ಕೊನೆಗೆ ಬರುವ ಪತ್ತನಾಜೆ ಎಂದರೆ ಮಳೆಗೆ ಮನೆಯನ್ನು ಸಜ್ಜು ಮಾಡಿ ಮುಗಿಸುವ ಗಡುವು. ಅಷ್ಟರೊಳಗೆ ಕೋಲಿಗೆ ಬಟ್ಟೆ ಸುತ್ತಿ, ಸಗಣಿ ಮಣ್ಣು ಕಲಸಿ, ಅಮ್ಮ ನಮ್ಮಿಬ್ಬರಿಂದ ಗೋಡೆಯ ಒಂದೊಂದು ತೂತನ್ನೂ ಮುಚ್ಚಿಸುತ್ತಿದ್ದಳು. ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತಿದ್ದಳು. ಬಿಟ್ಟುಹೋದ ತೂತು ಮೊದಲ ಮಳೆಗೇ ಗೊತ್ತಾಗುತ್ತಿತ್ತು, ಬೈಗುಳ ನನಗೆ. ಅಂಗಡಿಯ ಅಷ್ಟೊಂದು ಗೊಂದಲದ ನಡುವೆ ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಸಂಗತಿ ಕೊನೆಗೂ ಕೈಗೆ ಸಿಕ್ಕಿತ್ತು.

"ಈ ತೂತು ಇಲ್ಲದ್ದು ಮಾಡಿಕೊಡು" ಅಂದೆ.

"ಅಲ್ಲ ಟೀಚರೇ, ಅದು ನೀರು..."

"ನೀರಿಗೇ ಹೇಳುವುದು ನಾನು. ಮಳೆಗೆ ನಾವೇ ದಾರಿ ಮಾಡಿಕೊಡುವುದಾ? ಕೂತ್ಕೋ, ಬರ್ಕೊ. ಎಲ್ಲಾ ಮನೆಗೂ ತೂತು ಇಲ್ಲದ್ದು."

ಅವನು ಕೂತ. ಬರೆದುಕೊಂಡ. ನಾನು ಗೆದ್ದವಳ ಹಾಗೆ ಮೆಟ್ಟಿಲಿಳಿದೆ.

ಏಪ್ರಿಲಿನಲ್ಲಿ ಒಕ್ಕಲಾದೆವು. ಅಕ್ಕನ ಮಂಚವನ್ನು ಪಡುವಣ ಕಿಟಕಿಗೆ ತಾಗಿಸಿ ಹಾಕಿದೆ. ಅವಳು ಬಟ್ಟೆಯ ಚೀಲವನ್ನು ಮಾತ್ರ ಖಾಲಿ ಮಾಡಲೇ ಇಲ್ಲ. ಮಂಚದ ಕಾಲಿಗೆ ಒರಗಿಸಿಟ್ಟು, ಬೇಕಾದ ಸೀರೆಯನ್ನು ಅದರಿಂದಲೇ ಎಳೆದು, ಒಗೆದು ಒಣಗಿಸಿ ಮತ್ತೆ ಅದಕ್ಕೇ ತುಂಬುತ್ತಿದ್ದಳು. ಕಪಾಟು ಖಾಲಿ. ನಾನು ಕೇಳಲು ಹೋಗಲಿಲ್ಲ, ಉತ್ತರ ಗೊತ್ತಿತ್ತು.

ಜೂನಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಮಳೆ ಹೊಡೆಯಿತು. ಏಳನೆಯ ಮಾಳಿಗೆಯಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಕಡಲಿನಿಂದ ಅಡ್ಡಕ್ಕೆ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಳೆ ನಿಲ್ಲುವ ತನಕ ಎಂದು ಅಕ್ಕನನ್ನು ಒಪ್ಪಿಸಿ ಕಿಟಕಿ ಬಿಗಿಯಾಗಿ ಮುಚ್ಚಿದ್ದೆ. ಆದರೂ ಒಳಗೆ ನೀರು. ಟ್ರ್ಯಾಕು ತುಂಬಿ, ಗಾಳಿ ಒತ್ತಿದ ಹಾಗೆಲ್ಲ ಉಕ್ಕಿ, ಗೋಡೆಯಲ್ಲಿಳಿದು ನೇರ ಹಾಸಿಗೆಗೆ. ಒರೆಸಿದೆ, ಬಟ್ಟೆ ತುರುಕಿದೆ, ಟೇಪು ಅಂಟಿಸಿದೆ. ಮರುದಿನ ಅಲ್ಯುಮಿನಿಯಂ ಅಂಗಡಿಗೆ ಫೋನು ಮಾಡಿ, ಕೆಲಸದವರನ್ನು ಕರೆಸಿ, ಹೊರಗಿನ ಸಂದುಗಳಿಗೆ ಇನ್ನಷ್ಟು ಗಮ್ಮು ಹಾಕಿಸಿದೆ. ಇನ್ನೂ ಹೆಚ್ಚು ನೀರು ನಿಂತಿತು. ನನಗೆ ತಲೆಬುಡ ತಿಳಿಯಲಿಲ್ಲ. ಎಲ್ಲೂ ತೂತಿಲ್ಲ, ಎಲ್ಲೂ ಬಿರುಕಿಲ್ಲ, ಮತ್ತೆ ನೀರು ಎಲ್ಲಿಂದ? ಅಡಿಕೆ ವ್ಯಾಪಾರಿ ಫೋನು ಮಾಡಿ, "ಟೀಚರೇ, ನಮ್ಮಲ್ಲಿ ಸೋಫಾ ತೇಲ್ತಾ ಉಂಟು" ಅಂದರು. ನಗಲೂ ಆಗಲಿಲ್ಲ.

ಮೂರನೆಯ ದಿನ ಅಕ್ಕನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಮದ್ದು ಎಳೆದುಕೊಂಡು, ಉಸಿರು ತುಸು ಹದಕ್ಕೆ ಬಂದ ಮೇಲೆ ಚೀಲದ ಬಾಯಿ ಕಟ್ಟಿ, "ಬಾಯಾರಿಗೆ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದಳು. ನನಗೆ ಅಳು ಬಂತು. ಸಿಟ್ಟೂ ಬಂತು, ಅದು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆ ಹಳೆಯ ವಿದ್ಯಾರ್ಥಿಗೇ ಫೋನು ಮಾಡಿ ಈಗಿಂದೀಗ ಬಾ ಎಂದೆ.

ಅವನು ಬಂದು, ಕಿಟಕಿ ನೋಡಿ, ನನ್ನನ್ನು ನೋಡಿ, ನೆಲ ನೋಡಿದ.

"ಎಂತ ಮಾಡ್ಬೇಕು ಹೇಳು. ಬಾಯಿ ಬಿಡು" ಅಂದೆ.

"ತೂತು ಬೇಕು ಟೀಚರೇ. ಸರಿಯುವ ಕಿಟಕಿಗೆ ಗಾಜಿನ ಸಂದಿಯಲ್ಲಿ ನೀರು ಬಂದೇ ಬರ್ತದೆ, ತಡೀಲಿಕ್ಕಾಗುದಿಲ್ಲ. ಬಂದ ನೀರು ಹೊರಗೆ ಹೋಗ್ಲಿಕ್ಕೆ ಅದು."

"ಅದನ್ನು ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳ್ಲಿಕ್ಕೆ ಹೊರಟೆ" ಅಂದ. "ನೀವು ಕೂತ್ಕೋ ಅಂದ್ರಿ."

ಅಕ್ಕ ಮಂಚದಿಂದ ನನ್ನ ಕಡೆ ನೋಡಿದಳು. ಪಾತ್ರೆಗೆ ನೀರು ತುಂಬುತ್ತ ಹೋದರೆ ಏನಾಗುತ್ತದೆಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದವಳು ನಾನು. ಮೂವತ್ತೆರಡು ಮನೆಗಳ ಕಿಟಕಿಯ ಕೆಳಗೆ ಒಂದೊಂದು ತೊಟ್ಟಿ ಮಾಡಿಸಿ ಇಟ್ಟಿದ್ದೆ.

ಮಳೆ ಸ್ವಲ್ಪ ಬಿಟ್ಟಾಗ ಅವನು ಗಾಜನ್ನು ಒಳಗೆ ತೆಗೆದಿಟ್ಟು, ಕೈ ಹೊರಗೆ ಚಾಚಿ, ಡ್ರಿಲ್ಲಿನಿಂದ ಟ್ರ್ಯಾಕಿನ ಹೊರಮೈಗೆ ಎರಡು ತೂತು ಕೊರೆದ. ಟ್ರ್ಯಾಕಿಗೆ ಒಂದು ಚೊಂಬು ನೀರು ಸುರಿದು, "ನೋಡಿ ಟೀಚರೇ" ಅಂದ. ನೀರು ಹೊರಕ್ಕೆ ಓಡಿತು. ಅವನು ಒಂದು ಸಲವೂ ತಡವರಿಸದೆ ಹತ್ತು ನಿಮಿಷ ವಿವರಿಸಿದ, ಗಾಳಿ ಹೇಗೆ ಒತ್ತುತ್ತದೆ, ತೂತು ಒಳಗಲ್ಲದೆ ಹೊರಗೇ ಯಾಕೆ ಇರಬೇಕು ಎಂದೆಲ್ಲ. ನಾನು ನಿಂತೇ ಕೇಳಿದೆ. ಅರ್ಧ ಅರ್ಥವಾಯಿತು. ಮಳೆಯನ್ನು ಹೊರಗಿಡಲು ತೂತು ಬೇಕು ಎಂಬುದು ಇವತ್ತಿಗೂ ನನ್ನ ತಲೆಗೆ ಪೂರ್ತಿ ಇಳಿದಿಲ್ಲ.

ಸಂಜೆ ಮತ್ತೆ ಮಳೆ ಜೋರಾಯಿತು. ಟ್ರ್ಯಾಕಿನಲ್ಲಿ ನೀರು ಏರುತ್ತಿತ್ತು, ಇಳಿಯುತ್ತಿತ್ತು, ಒಳಗೆ ಬರಲಿಲ್ಲ. ಒಣ ಹಾಸಿಗೆ ಹಾಸಿಕೊಟ್ಟೆ. ಅಕ್ಕ ಕಿಟಕಿಯ ಕೆಳಪಟ್ಟಿಯನ್ನು ಬೆರಳಲ್ಲಿ ಸವರಿ, ಒದ್ದೆ ಇದೆಯೇ ಎಂದು ನೋಡಿದಳು. ಬಸ್ಸಿನ ಮಾತೆತ್ತಲು ನನಗೆ ಧೈರ್ಯವಿರಲಿಲ್ಲ.

"ಶಾಲೆಯಲ್ಲೂ ಆ ಪಾಪದವನನ್ನು ಹೀಗೇ ಕೂರಿಸ್ತಿದ್ದದ್ದಾ ನೀನು?" ಎಂದು ಕೇಳಿದಳು.

"ಹೌದು" ಅಂದೆ.

"ಉಳಿದ ಮನೆಗೆಲ್ಲ ತೂತು ಮಾಡಿ ಮುಗಿಸಿದ ಮೇಲೆ ಒಂದು ದಿನ ಅವನನ್ನು ಊಟಕ್ಕೆ ಕರಿ ಮಾರಾಯ್ತಿ. ನಾನೇ ಅಡಿಗೆ ಮಾಡ್ತೇನೆ."

ಆಮೇಲೆ ಚೀಲದ ಕಟ್ಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ನಾನು ಕಪಾಟಿನಲ್ಲಿಟ್ಟೆ. ಖಾಲಿ ಚೀಲವನ್ನು ಮಡಚಿ ಕಪಾಟಿನ ಮೇಲೆ ಹಾಕಲು ಹೇಳಿದಳು, ಹಾಕಿದೆ. ಅವಳು ಅದನ್ನು ಮತ್ತೆ ಕೇಳಲಿಲ್ಲ.