ಸಿದ್ದಲಿಂಗಪ್ಪನ ‘ಏಳ್ರಿ’
ಗುಜರಾತಿನ ಸಚಿನ್ ಎಂಬ ಊರಿನ ಕಾರ್ಖಾನೆಗಳ ಹಿಂದೆ, ತಗಡಿನ ಶೆಡ್ಡಿನಲ್ಲಿ ಮುದಿ ಟ್ರ್ಯಾಕ್ಟರುಗಳ ಮೂತಿಗೆ ಕಟ್ಟಿದ, ಬಕೆಟ್ಟಿನಲ್ಲಿ ಮಣ್ಣೆತ್ತುವ ಲೋಡರ್ ರಿಪೇರಿ ಮಾಡುವ ಹಾವೇರಿ ಕಡೆಯ ಸಿದ್ದಲಿಂಗಪ್ಪನಿಗೆ, ಯಂತ್ರಗಳನ್ನು ವಯಸ್ಸು ನೋಡಿ ಮಾತಾಡಿಸುವ ಚಾಳಿ. ಹೊಸ ಗಾಡಿಯಾದರೆ ‘ಏಳಲೇ’. ಮೂವತ್ತು ವರ್ಷ ದಾಟಿದ್ದಕ್ಕೆ ಬಹುವಚನ. ಸೋರುವ ಸಿಲಿಂಡರಿನ ಸೀಲು ಬದಲಿಸಿ, ದಣಿದ ಪಂಪು ಕಿತ್ತು ದೊಡ್ಡದನ್ನು ಕೂರಿಸಿ, ಲಿವರು ಎಳೆಯುವಾಗ ತುಸು ಬಾಗಿ, ‘ಏಳ್ರಿ ಹಿರ್ಯಾರ, ಏಳ್ರಿ’ ಅನ್ನುತ್ತಾನೆ. ಮೇಲೆದ್ದ ಬಕೆಟ್ಟು ತಾನು ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಒಂದು ಬೆರಳು ಇಳಿದರೂ ಸಿಲಿಂಡರನ್ನು ಮತ್ತೆ ಬಿಚ್ಚುತ್ತಾನೆ. ಅವನು ರೊಟ್ಟಿ ಅಗಿಯುವ ನಿಧಾನಕ್ಕೆ ಹಜೀರಾ ಬಂದರಿನ ಕ್ರೇನೂ ಇಳಿದೀತು. ಇಪ್ಪತ್ತೈದು ವರ್ಷ ಇದನ್ನೇ ಕೇಳಿದ ಸುತ್ತಲಿನ ಗುಜರಾತಿ ರೈತರು, ‘ಏಳ್ರಿ’ ಅಂದರೆ ಬಕೆಟ್ಟು ಎತ್ತುವ ಲಿವರಿನ ಹೆಸರೆಂದೇ ನಂಬಿದ್ದಾರೆ. ಬಿಡಿಭಾಗದ ಅಂಗಡಿಗೆ ಹೋಗಿ ಒಂದು ಏಳ್ರಿ ಕೊಡಿ ಎಂದು ಜಗಳ ತೆಗೆದವರೂ ಇದ್ದಾರೆ. ‘ಪಪ್ಪಾ, ಅದು ರಾಂಗ್ ವರ್ಡ್ ಅಂತ ಹೇಳು ನಾ’ ಎಂದು ಇಲ್ಲೇ ಹುಟ್ಟಿ ಬೆಳೆದ ಮಗಳು ಕೃಪಾ ನಗುತ್ತಾಳೆ. ‘ಇರ್ಲಿ ಬಿಡವಾ, ಮಷೀನು ಏಳ್ತೈತಲ್ಲ’ ಎಂದು ಅವನು ತೇಲಿಸಿಬಿಡುತ್ತಾನೆ. ದಿನಾ ಬೆಳಗ್ಗೆ ‘ಏಳ್ರಿ, ಚಾ ಆರತೈತಿ’ ಎಂದು ಎಬ್ಬಿಸುತ್ತಿದ್ದ ಹೆಂಡತಿ ಜಲಜಾ ತೀರಿಕೊಂಡು ನಾಲ್ಕು ವರ್ಷ. ಈಗ ಬೆಳಗಾದರೆ ತಲೆದಿಂಬಿನ ಪಕ್ಕ ಫೋನು ಹೊಡೆದುಕೊಳ್ಳುತ್ತದೆ. ಯಾರೋ ರೈತ ಲಿವರು ಕೆಟ್ಟ ಗಾಬರಿಯಲ್ಲಿ, ‘ಏಳ್ರಿ ಬಗಡಿ ಗಯೀ, ಸಿದ್ದಾಭಾಯ್!’ ಎಂದು ಕೂಗುತ್ತಾನೆ. ಸಿದ್ದಲಿಂಗಪ್ಪ ಮೊದಲ ಮಾತಷ್ಟನ್ನೇ ಕೇಳಿಸಿಕೊಂಡು, ಕಣ್ಣು ಮುಚ್ಚಿಕೊಂಡೇ, ‘ಎದ್ದೆ ತಡಿ, ಎದ್ದೆ’ ಅನ್ನುತ್ತಾನೆ.